ಮರಿಯಂ ಮನೆಯ ಹೌಶ್

ಹದಿನೇಳು ವರ್ಷ ಹುಲ್ಲು ಹಾಸಿದವನು ನಾನು.
ರಾಸ್ ಅಲ್ ಖೈಮಾದ ಎಷ್ಟೋ ವಿಲ್ಲಾಗಳ ಮುಂದಿನ ಹಸಿರು
ಈ ಎರಡು ಮೊಣಕಾಲು ಸವೆದ ಲೆಕ್ಕ.
ಜಮಖಾನದಂತೆ ಸುರುಳಿಯಾಗಿ ಬರುತ್ತಿತ್ತು ಲಾರಿಯಲ್ಲಿ.
ಬಿಚ್ಚುವುದು, ತುಳಿಯುವುದು, ನೀರು ಬಿಡುವುದು;
ಸಂಜೆಗೆ ಮತ್ತೆ ನೀರು, ಬೆಳಗಿಗೆ ಮತ್ತೆ ನೀರು,
ಹಾಲು ಬಿಡಿಸಲಾಗದ ಕೂಸಿನ ಹಾಗೆ.

ಮೊನ್ನೆ ಮರಿಯಂ ಅಲ್ ಶೆಹ್ಹಿ ಕರೆಸಿ ಹೇಳಿದಳು:
"ಕಿತ್ತು ಹಾಕು."
ಏನು ತಪ್ಪಾಯಿತೋ ಎಂದು ಟೋಪಿ ತೆಗೆದೆ.
"ತಿನ್ನಲು ನನ್ನ ಬಳಿ ಒಂದು ಆಡೂ ಇಲ್ಲ.
ಬಾವಿ ಉಪ್ಪಾಗಿ ನಾಲ್ಕು ವರ್ಷ,
ನನ್ನ ಪಿಂಚಣಿಯೆಲ್ಲ ಟ್ಯಾಂಕರಿನವನಿಗೆ.
ಬೆಟ್ಟದ ಮೇಲಿನ ಕಲ್ಲುಮನೆಯಲ್ಲಿ ನನ್ನಜ್ಜಿ
ಒಂದು ಕೊಡದಲ್ಲಿ ಎಂಟು ಮಂದಿಯ ದಿನ ತೂಗಿಸುತ್ತಿದ್ದಳು.
ನಾನು ಕಾಲೊರಸಿಗೆ ಕುಡಿಸುತ್ತಿದ್ದೇನೆ."

ಹುಲ್ಲೆದ್ದ ಮೇಲೆ ಅಂಗಳ
ತಲೆ ಬೋಳಿಸಿಕೊಂಡ ಹುಡುಗನಂತೆ ನಾಚಿ ಕೂತಿತ್ತು.
ಗುಲ್ ವಲಿ ಸಲಿಕೆಗೆ ಒರಗಿ ಕೇಳಿದ,
"ಉಸ್ತಾದ್, ಈಗೇನು? ಸಿಮೆಂಟಾ?"
ಎದುರು ಮನೆಯವರು ಪ್ಲಾಸ್ಟಿಕ್ ಹುಲ್ಲಿನ ಹೆಸರೆತ್ತಿದರು.
ಜುಲೈ ಮಧ್ಯಾಹ್ನ ಅದರ ಮೇಲೆ ಬರಿಗಾಲಿಟ್ಟು ನೋಡಲಿ.
ಸೂಪರ್‌ವೈಸರ್ ಬಿನೋಯ್ ಮುಖ ಗಂಟಿಕ್ಕಿದ:
ಪ್ರತಿ ತಿಂಗಳು ಕತ್ತರಿಸುವ ಗುತ್ತಿಗೆ ಹೋಯಿತಲ್ಲ,
ಕಲ್ಲು ಬೆಳೆಯುತ್ತದೆಯೇ?

ನಾನು ಇಳಕಲ್ಲಿನವನು. ಅಪ್ಪ ಕಲ್ಲು ಸೀಳುವವ,
ಅವ್ವ ಮಗ್ಗದ ಗುಣಿಯಲ್ಲಿ ಕಾಲಿಳಿಬಿಟ್ಟವಳು.
ಕಲ್ಲಿಗೂ ಎಳೆ ಇರುತ್ತದೆ, ಅನ್ನುತ್ತಿದ್ದ ಅಪ್ಪ,
ಅದನ್ನು ಕೇಳದೆ ಹೊಡೆದರೆ ಕೈಯೇ ಸೀಳುತ್ತದೆ.

ಕ್ವಾರಿಯಿಂದ ಮೂರು ಪಿಕಪ್ ಕಲ್ಲು ಬಂತು:
ಬೂದಿ, ಸುಣ್ಣದ ಬಿಳಿ, ಸುಟ್ಟ ಬೆಲ್ಲದ ಕೆಂಪು.
ಸುರಿಯಲಿಲ್ಲ, ಒಂದೊಂದನ್ನೂ ಕೂರಿಸಿದೆ.
ಗೇಟಿನಿಂದ ಬಾಗಿಲ ತನಕ ದಾರಿಯನ್ನು ಸೊಟ್ಟಗೆ ಬಿಟ್ಟೆ,
ಬರುವವರು ಎರಡು ಉಸಿರು ತಡವಾಗಿ ಬರಲಿ ಎಂದು.
ಅದರ ಅಂಚಿಗೆ, ಯಾರಿಗೂ ಹೇಳದೆ,
ಅವ್ವ ನೇಯುತ್ತಿದ್ದ ಸೆರಗನ್ನು ಇಳಿಸಿದೆ,
ಕೆಂಪು, ಬಿಳಿ, ಕೆಂಪು, ಜೋಳದ ತೆನೆಯಂತೆ ಎದ್ದ ಹಲ್ಲು.
ಗುಲ್ ವಲಿ ಅದನ್ನು ತನ್ನೂರ ಕಂಬಳಿಯ ಅಂಚು ಎಂದ.
ಮರಿಯಂ, ಅಜ್ಜಿಯ ಸಿರ್ವಾಲಿನ ಕಾಲ್ಪಟ್ಟಿ ಎಂದಳು.
ನಾನು ತಿದ್ದಲಿಲ್ಲ.

ಲೋಳೆಸರ ಹನ್ನೊಂದು. ಗೋಡೆಗೆ ಕಾಗದದ ಹೂ.
ಅಡುಗೆಮನೆ ಕಿಟಕಿಯ ಕೆಳಗೆ, ಎಸಿಯ ನೀರು ತೊಟ್ಟಿಕ್ಕುವ ಕಡೆ
ರೈಹಾನ್, ನಮ್ಮ ಕಾಮಕಸ್ತೂರಿಯ ಖಾಸಾ ಅಕ್ಕ.

ಘಾಫ್ ಸಸಿ ಇಳಿಸುವಾಗ ಮಾತ್ರ ಕೈ ನಿಂತಿತು.
ಲಾರಿಯ ಕಿಟಕಿಯಿಂದ ದಿನಾ ಕಂಡಿದ್ದೆ ಈ ಮರವನ್ನು,
ಮರಳಲ್ಲಿ ಒಂಟಿ ನಿಂತದ್ದನ್ನು;
ಹುಲ್ಲಿನವನಿಗೆ ಮರದ ಹತ್ತಿರ ಏನು ಕೆಲಸ?
ಸಣ್ಣ ಎಲೆ, ಸಣ್ಣ ಮುಳ್ಳು, ಬೆರಳಿಗೆ ಹತ್ತಿದ ಹಸಿ ವಾಸನೆ.
ಅಯ್ಯೋ, ಇದು ಬನ್ನಿ.
ದಸರೆಯ ಸಂಜೆ, ವರ್ಷವಿಡೀ ಮಾತು ಬಿಟ್ಟವರ ಕೈಗೂ ಇಟ್ಟು
"ಬಂಗಾರ ತಗೊಂಡು ಬಂಗಾರದಂಗ ಇರೂಣು" ಎನ್ನುವ ಬನ್ನಿ.
ಹದಿನೇಳು ವರ್ಷ ಇದಕ್ಕೆ ಬೆನ್ನು ಹಾಕಿ
ಬಗ್ಗಿ ಕೂತಿದ್ದೆನಲ್ಲ.

ಒಂದು ಚಿಗುರು ಮುರಿದು ಮರಿಯಂ ಕೈಗಿಟ್ಟೆ.
"ಏನಿದು?"
"ದಹಬ್," ಅಂದೆ. ಬಂಗಾರ.
ಹುಚ್ಚನೇ ಎಂಬಂತೆ ನೋಡಿದಳು,
ಆಮೇಲೆ ಹೊಸಕಿ ಮೂಸಿ, ಬಹಳ ಹೊತ್ತು ಸುಮ್ಮನಿದ್ದು,
"ಅಜ್ಜಿ ಇದನ್ನು ಅನ್ನಕ್ಕೆ ಹಾಕುತ್ತಿದ್ದಳು" ಎಂದಳು.

ನನ್ನ ಹೆಸರು ಬಸಲಿಂಗಪ್ಪ.
ಅಷ್ಟುದ್ದ ಈ ಊರಿನ ನಾಲಗೆಗೆ ಸಾಗುವುದಿಲ್ಲ,
ತಲೆ ಇಟ್ಟುಕೊಂಡು ಉಳಿದದ್ದನ್ನು ಬಿಟ್ಟಿದ್ದಾರೆ.
ಸಸಿಯ ಬುಡಕ್ಕೆ ಪೈಪು ಹಿಡಿದಿದ್ದೆ, ಹಳೆಯ ಚಟ,
ನೀರು ಹೋಗುತ್ತಲೇ ಇತ್ತು.
ಕಟ್ಟೆಯಿಂದ ಕೂಗಿದಳು ಮರಿಯಂ: "ಬಸ್!"
ಕರೆದಳೋ, ಸಾಕು ಎಂದಳೋ.
ನಲ್ಲಿಯನ್ನೂ ತಿರುಗಿಸಿದೆ,
ನಾನೂ ತಿರುಗಿದೆ.